ನನ್ನ ಕರಡನ್ನು ಗಗನ್ ಕೈಲಿ ಓದಿಸಿದ್ದು

‘ಕನ್ನಡವನ್ನು ಮಶೀನು ಓದಿದರೆ ಕೇಳೋಕಾಗುತ್ತಾ?’ ಟಿಟಿಎಸ್, ಅಂದರೆ ಬರಹವನ್ನು ದನಿಯಾಗಿ ಓದಿ ಹೇಳುವ ತಂತ್ರಾಂಶ, ಇಟ್ಟುಕೊಂಡು ಕರಡು ತಿದ್ದುತ್ತೇನೆ ಅಂದಾಗಲೆಲ್ಲ ಬರುತ್ತಿದ್ದ ಮಾತು ಇದು. ಗಗನ್ ಅನ್ನುವುದು ಅಂಥದೇ ಒಂದು ಕನ್ನಡ ದನಿಯ ಹೆಸರು. ಈಚೆಗೆ ಸುಮಾರು 200 ಪುಟದ ಅನುವಾದವೊಂದನ್ನು ಪ್ರಕಾಶಕರಿಗೆ ಕೊಟ್ಟೆ. ಕರಡು ನೋಡಿದವರು ಮೊದಲ 50 ಪುಟದಲ್ಲಿ ಗುರುತು ಹಾಕಿದ್ದು ಹತ್ತು-ಹನ್ನೆರಡು ಕಡೆ. ಅದಕ್ಕೆ ಮುಂಚಿನ ಪುಸ್ತಕದಲ್ಲಿ ಎರಡು ಪುಟಕ್ಕೇ ಅಷ್ಟು ಇದ್ದವು. ಹಾಗಾಗಿ ಈಗ ಸ್ವಲ್ಪ ಎದೆಯುಬ್ಬಿಸಿಯೇ ಬರೆಯುತ್ತಿದ್ದೇನೆ.

ಮೊದಲು ಹಿಡಿದದ್ದು ಈಸ್ಪೀಕ್ ಅನ್ನುವ ಟಿಟಿಎಸ್. ಪುಕ್ಕಟೆ, ಹಗುರ, ಕನ್ನಡವನ್ನೂ ಓದುತ್ತದೆ. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಬಳಸುವ, ಕಣ್ಣು ಕಾಣದ ಗೆಳೆಯರು ಅದನ್ನು ಕೇಳುವ ವೇಗದಲ್ಲಿ ನನಗೆ ಒಂದು ಪದವೂ ಸಿಗುವುದಿಲ್ಲ. ಅವರ ಕಿವಿ ಪಳಗಿದೆ. ನನಗೆ ಹತ್ತು ನಿಮಿಷಕ್ಕೆ ತಲೆ ಸಿಡಿಯಿತು. ‘ನುಡಿ’ ತಂತ್ರಾಂಶದಲ್ಲಿ ಕುಟ್ಟಿದ ಹಳೆಯ ಕಡತಗಳದ್ದು ಇನ್ನೊಂದು ರಗಳೆ. ಅವು ಈಗ ಎಲ್ಲ ಕಡೆ ನಡೆಯುವ ಯುನಿಕೋಡ್ ಅಕ್ಷರ ಸಂಕೇತದಲ್ಲಿಲ್ಲವಲ್ಲ, ದನಿಗೆ ಸಿಕ್ಕಿದ್ದು ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಪರಿವರ್ತನೆ ಮಾಡಿದ ಮೇಲೂ ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿ ಕೂತಿರುತ್ತದೆ.

ಆಮೇಲೆ ದುಡ್ಡು ಕಳೆದುಕೊಂಡ ಕತೆ. ‘ಕನ್ನಡವೂ ಇದೆ’ ಎಂದ ಒಂದು ಆ್ಯಪ್‌ಗೆ ವರ್ಷಕ್ಕೆ ಎರಡು ಸಾವಿರದ ಹತ್ತಿರ ಕಟ್ಟಿದೆ. ದನಿ ಚೆನ್ನಾಗಿತ್ತು. ಆದರೆ ಅವರ ಲೆಕ್ಕ ಅಕ್ಷರಕ್ಕೆ, ಅದೂ ಕಂಪ್ಯೂಟರಿನ ಅಕ್ಷರಕ್ಕೆ. ನಮ್ಮ ಕಣ್ಣಿಗೆ ‘ಸ್ತ್ರೀ’ ಒಂದೇ ಅಕ್ಷರ. ಯುನಿಕೋಡಿನಲ್ಲಿ ಅದು 6: ಮೂರು ವ್ಯಂಜನ, ಒತ್ತು ಮೂಡಿಸುವ ಎರಡು ಹಲಂತ, ಒಂದು ದೀರ್ಘದ ಗುರುತು. ಹೀಗೆ ಒತ್ತಕ್ಷರ ಕುಟ್ಟುತ್ತಾ ಹೋದರೆ ತಿಂಗಳಿಗೆ ಇಷ್ಟು ಅಂತ ಕೊಟ್ಟ ಅಕ್ಷರಗಳ ಪಾಲು ಎಷ್ಟು ದಿನ ಬಂದೀತು? ನಾಲ್ಕನೇ ಅಧ್ಯಾಯ ದಾಟುವ ಮೊದಲೇ ಖಾಲಿ. ಹಣ ವಾಪಸ್ ಕೇಳಿದೆ, ಉತ್ತರವೇ ಬರಲಿಲ್ಲ.

ಮಶೀನಿನ ಸಹವಾಸವೇ ಬೇಡ ಅಂತ ಕಾಲೇಜು ಹುಡುಗನೊಬ್ಬನನ್ನು ಗಂಟೆಗೆ 250 ರೂಪಾಯಿಯಂತೆ ಗೊತ್ತು ಮಾಡಿದೆ. ನಾಟಕದಲ್ಲಿ ಪಾರ್ಟು ಮಾಡುವವನು, ಅದ್ಭುತವಾಗಿ ಓದಿದ. ಅಲ್ಲೇ ಕೆಟ್ಟಿತು. ಸೊರಗಿದ ವಾಕ್ಯಕ್ಕೆ ತನ್ನ ದನಿಯಿಂದ ಜೀವ ತುಂಬಿದ. ‘ಬಳೆ’ ಇರಬೇಕಾದಲ್ಲಿ ನಾನು ‘ಬಲೆ’ ಎಂದು ಕುಟ್ಟಿದ್ದರೆ ‘ಬಳೆ’ ಎಂದೇ ಓದಿದ. ನಮ್ಮ ಬರಹವನ್ನು ನಾವೇ ಗಟ್ಟಿಯಾಗಿ ಓದಿದರೂ ಆಗುವುದು ಇದೇ. ಬರೆಯದ್ದನ್ನೂ ಓದಿಕೊಂಡು ಹೋಗುತ್ತೇವೆ. ಮಶೀನಿಗೆ ಆ ದಾಕ್ಷಿಣ್ಯ ಇಲ್ಲ. ಕಾಗದದ ಮೇಲೆ ಏನಿದೆಯೋ ಅಷ್ಟೇ. ‘ಭಾವನೆ ಇಲ್ಲದೆ ಓದುತ್ತೆ’ ಅಂತ ಎಲ್ಲರೂ ಬೈಯುವ ಗುಣವೇ ನನಗೆ ಬೇಕಾಗಿದ್ದದ್ದು.

ಕೊನೆಗೆ ನೆಲೆ ನಿಂತದ್ದು ಮೈಕ್ರೋಸಾಫ್ಟಿನ ಎಡ್ಜ್ ಬ್ರೌಸರಿನಲ್ಲಿ. ಗಗನ್, ಸಪ್ನಾ ಅಂತ ಎರಡು ಕನ್ನಡ ದನಿಗಳಿವೆ, ಕಾಸು ಕೊಡಬೇಕಿಲ್ಲ. ವರ್ಡ್ ಕಡತವನ್ನು ಪಿಡಿಎಫ್ ಮಾಡಿದರೆ ನನ್ನಲ್ಲಿ ಒತ್ತಕ್ಷರ ಕಲಸಿಹೋಗುತ್ತಿದ್ದವು. ವೆಬ್ ಪೇಜ್ ಆಗಿ ಉಳಿಸಿ, ಎಡ್ಜ್‌ನಲ್ಲಿ ತೆರೆದು, ಓದಿಸಲು ಕಂಟ್ರೋಲ್-ಶಿಫ್ಟ್-ಯು ಒತ್ತುತ್ತೇನೆ. ಮೊದಲ ಸಲ ಪರದೆ ನೋಡುವುದೇ ಇಲ್ಲ. ಕಿವಿಗೆ ಚುಚ್ಚಿದ ಪದವನ್ನು ಚೀಟಿಯಲ್ಲಿ ಗೀಚುತ್ತೇನೆ, ನಿಲ್ಲಿಸುವುದಿಲ್ಲ. ಎರಡನೇ ಸಲ ವೇಗ ಇಳಿಸಿ, ಕಣ್ಣು ಅಕ್ಷರದ ಮೇಲೆ ಇಟ್ಟು ಕೇಳುತ್ತೇನೆ. ಯಾವ ಅಧ್ಯಾಯಕ್ಕೆ ಗಗನ್, ಯಾವುದಕ್ಕೆ ಸಪ್ನಾ ಅನ್ನುವುದಕ್ಕೆ ನನ್ನದೇ ಲೆಕ್ಕ ಇದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಕಿವಿ ಮೊದಲು ಹಿಡಿಯುವುದು ಕಾಗುಣಿತವನ್ನಲ್ಲ, ಕ್ರಿಯಾಪದ ಬಾರದೆ ಕಾಯಿಸುವ ವಾಕ್ಯವನ್ನು. ನನ್ನ ಅನುವಾದದ್ದೇ ಒಂದು: ‘ಮಳೆ ಬಾರದೆ ಬೆಳೆ ಒಣಗಿದ್ದರಿಂದ ಸಾಲ ತೀರಿಸಲಾಗದೆ ಊರು ಬಿಟ್ಟು ಪಟ್ಟಣಕ್ಕೆ ಬಂದು ಕಟ್ಟಡದ ಕೆಲಸಕ್ಕೆ ಸೇರಿಕೊಂಡಿದ್ದ ತಮ್ಮನನ್ನು ಅಕ್ಕ ಹುಡುಕಿದಳು.’ ಕಣ್ಣಿಗೆ ಏನೂ ತಕರಾರಿಲ್ಲ. ಗಗನ್ ಒಂದೇ ಉಸಿರಿನಲ್ಲಿ ಓದಿದಾಗ ತಮ್ಮ ಬರುವ ಹೊತ್ತಿಗೆ ಮಳೆ ಮರೆತಿತ್ತು. ಈಗ ಅದು ಹೀಗಿದೆ: ‘ಮಳೆ ಬರಲಿಲ್ಲ, ಬೆಳೆ ಒಣಗಿತು. ಸಾಲ ತೀರಿಸಲಾಗದೆ ತಮ್ಮ ಪಟ್ಟಣ ಸೇರಿ ಕಟ್ಟಡದ ಕೆಲಸಕ್ಕೆ ನಿಂತಿದ್ದ. ಅಕ್ಕ ಅವನನ್ನು ಹುಡುಕಿಕೊಂಡು ಬಂದಳು.’ ಇನ್ನು ಸಾಲಾಗಿ ‘ಇತ್ತು’, ‘ಇತ್ತು’, ‘ಇತ್ತು’ ಅಂತ ಮುಗಿಯುವ ಪ್ಯಾರಾಗಳು. ಓದುವಾಗ ಕಾಣದೇ ಹೋಗುತ್ತವೆ, ಕೇಳುವಾಗ ತಲೆಗೆ ಮೊಟಕುತ್ತವೆ. ‘ಮಾಡಲ್ಪಟ್ಟ’ ಬಂದರಂತೂ ನಾನೇ ಮುಖ ಸಿಂಡರಿಸುತ್ತೇನೆ.

ಶ-ಷ ಗೊಂದಲಕ್ಕೆ ಇದು ಉಪಯೋಗವಿಲ್ಲ. ‘ವಿಶೇಷ’ವನ್ನು ‘ವಿಷೇಶ’ ಎಂದು ಕುಟ್ಟಿದ್ದರೂ ನನ್ನ ಕಿವಿಗೆ ಎರಡೂ ಒಂದೇ. ಅದಕ್ಕೆ ಕಣ್ಣೇ ಬೇಕು. ‘ಡಾ.’, ‘ರೂ.’ ಬಂದಲ್ಲಿ ವಾಕ್ಯ ಮುಗಿದಂತೆ ನಿಲ್ಲುತ್ತದೆ, ಕೇಳುವ ಪ್ರತಿಯಲ್ಲಿ ಬಿಡಿಸಿ ಬರೆದುಬಿಡಿ. ಇಂಥವುಗಳನ್ನು ಒಂದೇ ಏಟಿಗೆ ಬದಲಿಸುವ ಪಟ್ಟಿಯೊಂದು ನನ್ನ ಹತ್ತಿರ ಇದೆ. ಕೇಳಬೇಡಿ, ಕೊಡುವುದಿಲ್ಲ. ನಿಮ್ಮ ಬರಹಕ್ಕೆ ನಿಮ್ಮದೇ ಪಟ್ಟಿ ಬೇಕಾಗುತ್ತದೆ.

ಸುಮ್ನೆ ಒಂದೆರಡು ಆಟವನ್ನೂ ಆಡಿದೆ. ಭಾಮಿನಿ ಷಟ್ಪದಿಯ ಪದ್ಯ ಕೊಟ್ಟರೆ ಮೂರು-ನಾಲ್ಕು ಮಾತ್ರೆಯ ನಡೆಯೆಲ್ಲ ಮಣ್ಣುಪಾಲು, ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಕೂಗಿದಂತೆ ಓದಿತು. ಧಾರವಾಡದ ಮಾತುಕತೆಗೂ ರಾಗ ಇಲ್ಲ. ಆದರೆ ಒಂದೇ ಪಾತ್ರ ಒಂದು ಕಡೆ ‘ಮಾಡಾಕತ್ತೀನಿ’, ಇನ್ನೊಂದು ಕಡೆ ‘ಮಾಡ್ಲಿಕ್ಕತ್ತೀನಿ’ ಅನ್ನುತ್ತಿದ್ದದ್ದು ಅಲ್ಲೇ ಸಿಕ್ಕಿಬಿತ್ತು. ಎಲ್ಲಕ್ಕಿಂತ ಲಾಭವಾದ ಆಟ ಬೇರೆ: ಇಂಗ್ಲಿಷ್ ಮೂಲದ ಪ್ಯಾರಾ ಕೇಳಿ, ಆಮೇಲೆ ನನ್ನ ಕನ್ನಡ ಕೇಳಿ, ಗಡಿಯಾರ ನೋಡುವುದು. ಕನ್ನಡ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುವುದು ಸಹಜ. ದುಪ್ಪಟ್ಟು ಆದಲ್ಲೆಲ್ಲ ನಾನು ವಿವರಣೆ ತುರುಕಿರುತ್ತಿದ್ದೆ. ಹಾಗೆ ಕತ್ತರಿಸಿ ಹತ್ತು-ಹದಿನೈದು ಪುಟ ಇಳಿಸಿದೆ.

ಖರ್ಚು? ತಂತಿ ಇರುವ ಇಯರ್‌ಫೋನಿಗೆ 400. ಇಡೀ ಪುಸ್ತಕ ಒಂದು ಸುತ್ತು ಕೇಳೋಕೆ ಎಂಟೊಂಬತ್ತು ಗಂಟೆ, ತಿದ್ದುವುದೂ ಸೇರಿ ಮೂರು ವಾರದ ಹತ್ತಿರ. ಕರಡು ತಿದ್ದುವವರು ಪುಟಕ್ಕೆ 20 ರೂಪಾಯಿ ಅನ್ನುತ್ತಿದ್ದವರು ಈ ಸಲ ತಾವಾಗಿಯೇ 12ಕ್ಕೆ ಇಳಿದರು.

ಒಂದು ವಿಷಯ ಗಮನದಲ್ಲಿರಲಿ. ಗಗನ್, ಸಪ್ನಾ ಇಬ್ಬರೂ ನೆಟ್ ಮೇಲೆ ನಡೆಯುವ ದನಿಗಳು, ನಿಮ್ಮ ಬರಹ ಸರ್ವರಿಗೆ ಹೋಗಿಯೇ ಬರುತ್ತದೆ. ಗುಟ್ಟಾಗಿ ಇಡಬೇಕಾದ ಅನುವಾದಗಳಿಗೆ ನಾನು ಫೋನಿನಲ್ಲಿ ಗೂಗಲ್‌ನ ಕನ್ನಡ ದನಿಯನ್ನು ಮೊದಲೇ ಇಳಿಸಿಕೊಂಡು, ನೆಟ್ ಆಫ್ ಮಾಡಿ ಕೇಳುತ್ತೇನೆ. ಗಗನ್‌ನಷ್ಟು ನಯವಿಲ್ಲ, ಕೆಲಸಕ್ಕೆ ಸಾಕು.