ಮೂರು ನಿಮಿಷಕ್ಕೊಮ್ಮೆ ಸಾಯುತ್ತಿದ್ದ ಪೆಟ್ಟಿಗೆ: ಹಳೆಯ ನ್ಯಾಸ್‌ಗೆ ಹೊಸ ಕರ್ನೆಲ್ ಹಾಕಿದ ನನ್ನ ಅನುಭವ

ಹಾಸನದಲ್ಲಿ ಫೋಟೊ ಸ್ಟುಡಿಯೊ ನಡೆಸುವ ನನ್ನ ಚಿಕ್ಕಪ್ಪನವರ ಬಳಿ 2011ರಲ್ಲಿ ಕೊಂಡ, ಎರಡು ಡಿಸ್ಕುಗಳ ನ್ಯಾಸ್ ಪೆಟ್ಟಿಗೆಯೊಂದಿತ್ತು; ನ್ಯಾಸ್ ಎಂದರೆ ನೆಟ್‌ವರ್ಕಿನಲ್ಲಿರುವ ಕಂಪ್ಯೂಟರುಗಳೆಲ್ಲ ಹಂಚಿಕೊಳ್ಳುವ ಫೈಲುಗಳನ್ನಿಡುವ ಪೆಟ್ಟಿಗೆ. ಒಳಗಿರುವುದು ನಮಗೆಲ್ಲ ಪರಿಚಿತವಾದ ಮಾರ್ವೆಲ್ ಕರ್ಕ್‌ವುಡ್ 88ಎಫ್6281 ಚಿಪ್, 1.2 ಗಿಗಾಹರ್ಟ್ಸ್, 256 ಎಂಬಿ ರ‍್ಯಾಮ್, 128 ಎಂಬಿ ನ್ಯಾಂಡ್ (ಪವರ್ ಹೋದರೂ ಮರೆಯದ ಫ್ಲ್ಯಾಶ್ ಮೆಮೊರಿ). ಹಾರ್ಡ್‌ವೇರ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಅದರ ಮೂಲ ಫರ್ಮ್‌ವೇರ್‌ಗೆ (ಕಂಪನಿಯೇ ಹಾಕಿ ಕೊಟ್ಟ ತಂತ್ರಾಂಶ), ವಿಂಡೋಸ್ ಫೈಲು ಹಂಚಿಕೊಳ್ಳಲು ಬಳಸುವ ಎಸ್‌ಎಂಬಿಯ ಮೊದಲ ಆವೃತ್ತಿಯ ಹೊರತು ಬೇರೆ ಭಾಷೆ ತಿಳಿದಿರಲಿಲ್ಲ. 2017ರ ಕೊನೆಯಲ್ಲಿ ಬಂದ ವಿಂಡೋಸ್ 10 ಆವೃತ್ತಿಯಿಂದೀಚೆಗೆ ಎಸ್‌ಎಂಬಿಯ ಆ ಮೊದಲ ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿದ ವಿಂಡೋಸ್‌ನಿಂದ ಹಂತಹಂತವಾಗಿ ಕೈಬಿಡುತ್ತ ಬಂದಿರುವುದರಿಂದ, ಸ್ಟುಡಿಯೊಗೆ ಹೊಸ ಕಂಪ್ಯೂಟರ್ ಬಂದ ದಿನವೇ ಹತ್ತು ವರ್ಷಗಳ ಮದುವೆ ಆಲ್ಬಮ್‌ಗಳಿದ್ದ ಪೆಟ್ಟಿಗೆ ಕಣ್ಣಿಗೆ ಕಾಣದಂತಾಯಿತು. ಕಂಪನಿಗೆ ಬರೆದಾಗ, ಆ ಮಾದರಿಯ ಅವಧಿ ಮುಗಿದಿದೆ, ಹೊಸದನ್ನು ಕೊಳ್ಳಿ ಎಂಬ ಉತ್ತರ ಬಂತು. ಹೊಸ ಎರಡು ಡಿಸ್ಕಿನ ಪೆಟ್ಟಿಗೆಗೆ ಆಗ ಖಾಲಿಯಾಗಿಯೇ ಹದಿನೈದು ಹದಿನೆಂಟು ಸಾವಿರ ರೂಪಾಯಿ ಇತ್ತು.

ಇದಕ್ಕೆ ಮೇನ್‌ಲೈನ್ ಕರ್ನೆಲ್ (ಎಲ್ಲರಿಗೂ ಮುಕ್ತವಾಗಿ ಸಿಗುವ ಲಿನಕ್ಸ್‌ನ ಮೂಲ ತಿರುಳು) ಹಾಕುತ್ತೇನೆ ಎಂದಾಗ ನನ್ನ ಜೊತೆಗಾರರಲ್ಲಿ ಯಾರೂ ಒಪ್ಪಲಿಲ್ಲ. ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ತಂದು ಡಿಸ್ಕುಗಳನ್ನು ಯುಎಸ್‌ಬಿಗೆ ಸಿಕ್ಕಿಸಿ ಮುಗಿಸು ಎಂದವರೇ ಹೆಚ್ಚು. ಡಿಸ್ಕು ಜೋಡಿಸುವ ಎರಡು ನಿಜವಾದ ಸಾಟಾ ಪೋರ್ಟ್, ಗಿಗಾಬಿಟ್ ಈಥರ್ನೆಟ್, ಫ್ಯಾನ್, ಡಬ್ಬಿ ಎಲ್ಲವೂ ಒಂದೇ ಕಡೆ ಇರುವಾಗ ಅದನ್ನು ಗುಜರಿಗೆ ಹಾಕುವುದು ನನಗೆ ಸರಿ ಕಾಣಲಿಲ್ಲ. ಮೇಲಾಗಿ 88ಎಫ್6281ಕ್ಕೆ ಕರ್ನೆಲ್‌ನಲ್ಲಿ ಬೆಂಬಲ ಚೆನ್ನಾಗಿಯೇ ಇದೆ. 2014ರ ಹೊತ್ತಿಗೆ ಕರ್ಕ್‌ವುಡ್‌ನ ಹಳೆಯ ಬೋರ್ಡ್ ಫೈಲುಗಳೆಲ್ಲ ಹೋಗಿ, ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನೆಲ್‌ಗೆ ವಿವರಿಸುವ ಡಿವೈಸ್ ಟ್ರೀ ಬಂದಾಗಿತ್ತು. ನನಗೆ ಬೇಕಾಗಿದ್ದುದು ಈ ಒಂದು ಬೋರ್ಡಿನ ಡಿಟಿಎಸ್ (ಆ ವಿವರಣೆ ಬರೆಯುವ ಫೈಲು) ಮಾತ್ರ ಎಂದುಕೊಂಡೆ. ಆ ‘ಮಾತ್ರ’ಕ್ಕೆ ಐದು ತಿಂಗಳ ಭಾನುವಾರಗಳು ಖರ್ಚಾದವು.

ಜಿಪಿಎಲ್ ಪರವಾನಗಿಯಂತೆ ಕಂಪನಿ ಬಿಡುಗಡೆ ಮಾಡಿದ್ದ ಮೂಲ ಕೋಡಿನ ಕಟ್ಟಿನಲ್ಲಿ 2.6.31.8 ಕರ್ನೆಲ್ ಇತ್ತು; ಬೋರ್ಡಿನ ಮುಖ್ಯ ಫೈಲು ಇರಲಿಲ್ಲ. ಆದ್ದರಿಂದ ಮೂಲ ಫರ್ಮ್‌ವೇರ್ ಓಡುತ್ತಿರುವಾಗಲೇ ಚಿಪ್ಪಿನ ಪಿನ್ನುಗಳ ಕೆಲಸ ನಿರ್ಧರಿಸುವ ಎಂಪಿಪಿ ರಿಜಿಸ್ಟರುಗಳನ್ನೂ ಅವುಗಳ ಆನ್-ಆಫ್ ಸ್ಥಿತಿ ಹೇಳುವ ಜಿಪಿಐಒ ರಿಜಿಸ್ಟರುಗಳನ್ನೂ ಡೆವ್‌ಮೆಮ್ ಎಂಬ ಉಪಕರಣದಿಂದ ಓದಿ ಬರೆದಿಟ್ಟುಕೊಂಡು, ಡಿಸ್ಕ್ ತೆಗೆದು ಒಮ್ಮೆ, ಹಾಕಿ ಒಮ್ಮೆ, ಬಟನ್ ಒತ್ತಿ ಒಮ್ಮೆ ಹೋಲಿಸುತ್ತ ಯಾವ ಪಿನ್ನು ಯಾವುದಕ್ಕೆ ಎಂಬ ಪಟ್ಟಿಯನ್ನು ನಾನೇ ಮಾಡಿದೆ. 50 ಪಿನ್ನುಗಳಲ್ಲಿ ನನಗೆ ಬೇಕಾದವು ಹನ್ನೊಂದೋ ಹನ್ನೆರಡೋ ಇದ್ದವು. ಬೋರ್ಡಿನ ಸಂದೇಶಗಳನ್ನು ತಂತಿಯಲ್ಲಿ ನೇರವಾಗಿ ಓದುವ ಸೀರಿಯಲ್ ಕನ್ಸೋಲ್ ಇಲ್ಲದೆ ಈ ಕೆಲಸಕ್ಕೆ ಯಾರೂ ಕೈ ಹಾಕಬಾರದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಆಗ ಇನ್ನೂರೈವತ್ತು ರೂಪಾಯಿಗೆ ಸಿಗುತ್ತಿದ್ದಂಥ ಸೀರಿಯಲ್ ಅಡಾಪ್ಟರ್ ಸಾಕು, 3.3 ವೋಲ್ಟಿಗೆ ಜಂಪರ್ ಇದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು. ನಾನು ಮೊದಲ ಬಾರಿ ನೋಡಿಕೊಳ್ಳಲಿಲ್ಲ, ಹಾಗಾಗಿ ಒಂದು ಬೋರ್ಡಿನ ಸೀರಿಯಲ್ ಪಿನ್ನು ಸುಟ್ಟು, ಅದೇ ಮಾದರಿಯ ಇನ್ನೊಂದು ಹಳೆಯ ಪೆಟ್ಟಿಗೆಯನ್ನು ಸಾವಿರದ ಐನೂರಕ್ಕೆ ಕೊಳ್ಳಬೇಕಾಯಿತು.

ಬೂಟ್ ಮಾಡಿಸುವಾಗ ಆದ ಪೆಟ್ಟುಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಪವರ್ ಬಂದೊಡನೆ ಕರ್ನೆಲನ್ನು ಎಬ್ಬಿಸುವ ಹಳೆಯ ಯು-ಬೂಟ್‌ಗೆ ಡಿವೈಸ್ ಟ್ರೀ ಎಂದರೇನೆಂದು ತಿಳಿಯದು. ಹಾಗಾಗಿ ಜೆಡ್‌ಇಮೇಜಿನ (ಕುಗ್ಗಿಸಿದ ಕರ್ನೆಲ್ ಫೈಲು) ಬಾಲಕ್ಕೆ ಡಿಟಿಬಿಯನ್ನು (ಡಿಟಿಎಸ್‌ನ ಯಂತ್ರರೂಪ) ಅಂಟಿಸಿ ಯು-ಬೂಟ್ ಓದಬಲ್ಲ ಯುಇಮೇಜ್ ಮಾಡುವುದು ಎಲ್ಲರಿಗೂ ಗೊತ್ತಿರುವ ದಾರಿ. ಅದರ ಜೊತೆಗೆ ಏಟ್ಯಾಗ್ (ಯು-ಬೂಟ್ ಕರ್ನೆಲ್‌ಗೆ ಮಾಹಿತಿ ಕೊಡುವ ಹಳೆಯ ಪದ್ಧತಿ) ಹೊಂದಾಣಿಕೆಯ ಆಯ್ಕೆಯನ್ನೂ ಆನ್ ಮಾಡಿದರೆ, ಡಿಟಿಎಸ್‌ನಲ್ಲಿ ನೀವು ಬರೆದ ಬೂಟ್ ಆರ್ಗ್ಯುಮೆಂಟುಗಳನ್ನು ಯು-ಬೂಟ್‌ನ ಹಳೆಯ ಸಾಲು ಸದ್ದಿಲ್ಲದೆ ನುಂಗಿಬಿಡುತ್ತದೆ. ನನ್ನ ಕರ್ನೆಲ್ ಒಂದು ವಾರ ನ್ಯಾಂಡ್‌ನಲ್ಲಿ ಇಲ್ಲದ ರೂಟನ್ನು (ಮುಖ್ಯ ಫೈಲು ವ್ಯವಸ್ಥೆ) ಹುಡುಕುತ್ತ ಪ್ಯಾನಿಕ್ ಆಗಿ ನಿಂತುಬಿಡುತ್ತಿದ್ದುದಕ್ಕೆ ಇದೇ ಕಾರಣ. ಎರಡನೆಯದು, ಡಿಸ್ಕಿನಿಂದ ಕರ್ನೆಲ್ ಓದಿಸಲು ಮಾಡಿದ ಇಎಕ್ಸ್‌ಟಿ2 ಪಾರ್ಟಿಶನ್ನನ್ನು ಯು-ಬೂಟ್ ಗುರುತಿಸಿದರೂ ಒಂದು ಫೈಲನ್ನೂ ಓದುತ್ತಿರಲಿಲ್ಲ. ಫಾರ್ಮ್ಯಾಟ್ ಮಾಡುವ ಈಗಿನ ಎಂಕೆಎಫ್‌ಎಸ್ ತಾನಾಗಿ 256 ಬೈಟಿನ ಐನೋಡ್ (ಪ್ರತಿ ಫೈಲಿನ ವಿವರಗಳ ದಾಖಲೆ) ಇಡುತ್ತದೆ, ಆ ಯು-ಬೂಟ್‌ಗೆ ಗೊತ್ತಿರುವುದು 128 ಬೈಟಿನದು ಮಾತ್ರ. ಐನೋಡ್ ಗಾತ್ರ 128 ಎಂದು ಕೊಟ್ಟು ಮತ್ತೆ ಫಾರ್ಮ್ಯಾಟ್ ಮಾಡಿದೊಡನೆ ಓದಿತು. ನಡುವೆ ಒಮ್ಮೆ ಆತುರದಲ್ಲಿ ನ್ಯಾಂಡ್‌ನ ಮೊದಲ ಬ್ಲಾಕನ್ನೇ ಅಳಿಸಿ ಪೆಟ್ಟಿಗೆಯನ್ನು ಇಟ್ಟಿಗೆ ಮಾಡಿಕೊಂಡೆ. ಆದರೆ ಚಿಪ್ಪಿನೊಳಗಿನ ಬೂಟ್‌ರಾಮ್ 1.21 ಆಗಿದ್ದರಿಂದ, ಸೀರಿಯಲ್ ತಂತಿಯಲ್ಲಿಯೇ ಯು-ಬೂಟ್ ಕಳಿಸುವ ಕೆಡಬ್ಲ್ಯುಬೂಟ್ ಕೈ ಹಿಡಿಯಿತು. ಪವರ್ ಕೊಟ್ಟ ಕ್ಷಣದಲ್ಲಿ ಬೂಟ್ ಪ್ಯಾಟರ್ನ್ ಸಿಕ್ಕಿದರೆ, ಎಕ್ಸ್‌ಮೋಡೆಮ್‌ನಲ್ಲಿ ಅರ್ಧ ಎಂಬಿ ಯು-ಬೂಟ್ ಒಳಗೆ ಹೋಗಲು ಒಂದು ನಿಮಿಷ ಸಾಕು. 1.11 ಇರುವ ಚಿಪ್ಪಾಗಿದ್ದರೆ ಚಿಪ್ಪಿನೊಳಕ್ಕೆ ನೇರವಾಗಿ ಕೈ ಹಾಕುವ ಜೆಟ್ಯಾಗ್ ತಂತಿಗಳನ್ನು ಬೆಸುಗೆ ಹಾಕುವುದೇ ಗತಿಯಾಗುತ್ತಿತ್ತು.

ಇಷ್ಟಾದ ಮೇಲೆ 6.1 ಕರ್ನೆಲ್ ಮತ್ತು ಡೆಬಿಯನ್ 12 ಲಿನಕ್ಸ್‌ನ ಆರ್ಮೆಲ್ (ಹಳೆಯ ಆರ್ಮ್ ಚಿಪ್ಪುಗಳಿಗಾಗಿನ ಆವೃತ್ತಿ) ಬೂಟ್ ಆಗಿ ಲಾಗಿನ್ ಪ್ರಾಂಪ್ಟ್ ಬಂತು. ಎದ್ದು ಕಾಫಿ ಮಾಡಿಕೊಂಡು ಬರುವಷ್ಟರಲ್ಲಿ ಪೆಟ್ಟಿಗೆ ಆರಿಹೋಗಿತ್ತು.

ಮತ್ತೆ ಆನ್ ಮಾಡಿದೆ, ಮತ್ತೆ ಆರಿತು. ಪ್ಯಾನಿಕ್ ಇಲ್ಲ, ಊಪ್ಸ್ ಎಂಬ ದೋಷದ ಸಂದೇಶವೂ ಇಲ್ಲ, ಕನ್ಸೋಲ್‌ನಲ್ಲಿ ಕೊನೆಯ ಸಾಲು ಅರ್ಧಕ್ಕೆ ತುಂಡಾಗಿರುತ್ತಿತ್ತು. ಅಡಾಪ್ಟರ್ ಎಂದುಕೊಂಡು 12 ವೋಲ್ಟ್ 5 ಆಂಪಿಯರಿನ ಹೊಸದನ್ನು ಒಂಬೈನೂರು ರೂಪಾಯಿಗೆ ತಂದೆ. ಬಿಸಿಯೆಂದುಕೊಂಡು ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟೆ. ರ‍್ಯಾಮ್ ಎಂದುಕೊಂಡು ಕ್ಲಾಕ್ ಇಳಿಸಿದೆ. ಹೀಗೆ ಮೂರು ವಾರ ಕಳೆದ ಮೇಲೆ ಕೈಗಡಿಯಾರ ನೋಡುವ ಬುದ್ಧಿ ಬಂತು: ಪ್ರತಿ ಸಲವೂ ಕರ್ನೆಲ್ ಶುರುವಾದ ಮೂರು ನಿಮಿಷ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿಯೇ ಅದು ಸಾಯುತ್ತಿತ್ತು. ಬಿಸಿಯಾಗಲಿ ಕೆಟ್ಟ ಕೆಪ್ಯಾಸಿಟರ್ ಆಗಲಿ ಇಷ್ಟು ಸಮಯಪಾಲನೆ ಮಾಡುವುದಿಲ್ಲ. ಇನ್ನೂ ಖಚಿತಪಡಿಸಿಕೊಳ್ಳಲು ಒಂದು ರಾತ್ರಿಯಿಡೀ ಯು-ಬೂಟ್ ಪ್ರಾಂಪ್ಟಿನಲ್ಲಿಯೇ ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದಾಗಲೂ ಅದು ಜೀವಂತವಾಗಿತ್ತು. ಅಂದರೆ ಕರ್ನೆಲ್ ಶುರು ಮಾಡುವ ಬೂಟ್ಎಂ ಆಜ್ಞೆ ಕೊಟ್ಟ ಮೇಲೆ ಯಾರೋ ಗಡಿಯಾರವನ್ನು ಚಾಲೂ ಮಾಡುತ್ತಿದ್ದಾರೆ, ಮತ್ತು ನನ್ನ ಕರ್ನೆಲ್ ಅವರಿಗೆ ಮಾಡಬೇಕಾದ ನಮಸ್ಕಾರವನ್ನು ಮಾಡುತ್ತಿಲ್ಲ.

ಆ ‘ಯಾರೋ’ ಬೋರ್ಡಿನ ಮೂಲೆಯಲ್ಲಿದ್ದ ಪುಟ್ಟ ಮೈಕ್ರೊಕಂಟ್ರೋಲರ್. ಫ್ಯಾನು, ಪವರ್ ಬಟನ್, ಬಜರ್ ಎಲ್ಲವೂ ಅದರ ಕೈಯಲ್ಲಿವೆ. ಮುಖ್ಯ ಚಿಪ್ಪಿನೊಂದಿಗೆ ಅದು ಮಾತಾಡುವುದು ಎರಡನೆಯ ಸೀರಿಯಲ್ ಪೋರ್ಟಿನಲ್ಲಿ. ಮೇನ್‌ಲೈನ್‌ನಲ್ಲಿಯೂ ಇಂಥದ್ದಕ್ಕೆ ಪೂರ್ವೋದಾಹರಣೆ ಇದೆ: ಕ್ಯೂನ್ಯಾಪ್ ಕಂಪನಿಯ ಪೆಟ್ಟಿಗೆಗಳನ್ನು ಆರಿಸಲು ಕರ್ನೆಲ್ 19200 ವೇಗದಲ್ಲಿ ‘ಎ’ ಎಂಬ ದೊಡ್ಡ ಅಕ್ಷರವನ್ನೂ, ಸೈನಾಲಜಿಯವನ್ನು ಆರಿಸಲು 9600 ವೇಗದಲ್ಲಿ ‘1’ ಎಂಬ ಅಂಕಿಯನ್ನೂ ಕಳಿಸುತ್ತದೆ. ನನ್ನ ಪೆಟ್ಟಿಗೆಯ ಭಾಷೆ ಮಾತ್ರ ಬೇರೆ. ಆ ತಂತಿಗೆ ಕೂದಲೆಳೆಯಂಥ ವೈರನ್ನು ಬೆಸುಗೆ ಹಾಕಿ, ಎರಡನೆಯ ಅಡಾಪ್ಟರಿನ ಕೇಳುವ ಪಿನ್ನಿಗೆ ಜೋಡಿಸಿ, ಮೂಲ ಫರ್ಮ್‌ವೇರ್ ಬೂಟ್ ಮಾಡಿ ಕದ್ದು ಕೇಳಿದೆ. 9600ರಲ್ಲಿ ಕೆಲವು ಬೈಟುಗಳು ಪ್ರತಿ ಸಲವೂ ಒಂದೇ ರೀತಿ ಬರುತ್ತಿದ್ದವು, ಕೆಲವು ಬರೀ ಸೊನ್ನೆಯಾಗಿ ಬರುತ್ತಿದ್ದವು. ವೇಗ ತಪ್ಪಿದ್ದರೆ ಎಲ್ಲವೂ ಕಸವಾಗಬೇಕಿತ್ತು. ಅರ್ಧ ಸರಿ, ಅರ್ಧ ತಪ್ಪು ಎಂದರೆ ಪ್ಯಾರಿಟಿ (ತಪ್ಪು ಹಿಡಿಯಲು ಪ್ರತಿ ಬೈಟಿಗೂ ಸೇರಿಸುವ ಹೆಚ್ಚುವರಿ ಬಿಟ್) ಎಂದು ಹೊಳೆಯಲು ಎರಡು ಸಂಜೆ ಹಿಡಿಯಿತು. ಈವನ್ ಪ್ಯಾರಿಟಿ ಇಟ್ಟೊಡನೆ ಸಾಲುಗಳು ಸ್ವಚ್ಛವಾದವು: ಬೂಟ್ಎಂ ಹೊತ್ತಿಗೆ ಯು-ಬೂಟ್ ಒಂದು ಪೊಟ್ಟಣ ಕಳಿಸುತ್ತದೆ, ಆಮೇಲೆ ಮೂಲ ಫರ್ಮ್‌ವೇರ್‌ನ ಒಂದು ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಅರ್ಧ ನಿಮಿಷಕ್ಕೊಮ್ಮೆ ಚಿಕ್ಕ ಪೊಟ್ಟಣ ಕಳಿಸುತ್ತಲೇ ಇರುತ್ತದೆ. ಆ ಬೈಟುಗಳು ಯಾವುವು, ಕೊನೆಯ ಬೈಟನ್ನು ಹೇಗೆ ಲೆಕ್ಕ ಹಾಕಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಮೂರು ವಾರಗಳ ದುಡಿಮೆ ಎಂಬ ಜಿಪುಣತನ ಒಂದು ಕಡೆ ಇರಲಿ, ಅದೇ ಕಂಪನಿಯ ಇನ್ನೊಂದು ಮಾದರಿಗೆ ಅದನ್ನೇ ಕಳಿಸಿದಾಗ ಡಿಸ್ಕ್ ಓಡುತ್ತಿರುವಂತೆಯೇ ಪವರ್ ಹೋಯಿತು.

ಮೊದಲಿಗೆ ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದು ಗೆದ್ದೆನೆಂದು ಬೀಗಿದೆ. ಹತ್ತು ದಿನ ಚೆನ್ನಾಗಿ ಓಡಿತು. ಹನ್ನೊಂದನೆಯ ದಿನ ಕರೆಂಟು ಹೋಗಿ ಬಂದಾಗ ಬೂಟಿನಲ್ಲಿಯೇ ಡಿಸ್ಕನ್ನು ಪರೀಕ್ಷಿಸುವ ಎಫ್‌ಎಸ್‌ಸಿಕೆ ಶುರುವಾಯಿತು. 2 ಟಿಬಿ ಡಿಸ್ಕನ್ನು ಈ ಚಿಪ್ ಪರೀಕ್ಷಿಸಿ ಮುಗಿಸಲು ಮೂರು ನಿಮಿಷ ಸಾಲದು, ನನ್ನ ಸ್ಕ್ರಿಪ್ಟಿನ ಸರದಿ ಬರುವುದು ಅದರ ನಂತರ. ಪರೀಕ್ಷೆಯ ನಡುವೆ ಪವರ್ ಹೋಗುವುದು, ಮತ್ತೆ ಆನ್ ಮಾಡಿದರೆ ಮತ್ತೆ ಪರೀಕ್ಷೆ ಶುರುವಾಗುವುದು, ಮತ್ತೆ ಹೋಗುವುದು. ಹೀಗೆ ಇಡೀ ರಾತ್ರಿ ನಡೆಯಿತು. ಪುಣ್ಯಕ್ಕೆ ಅದು ಪರೀಕ್ಷೆಗೆಂದು ಇಟ್ಟ ಡಿಸ್ಕು, ಆಲ್ಬಮ್‌ಗಳಿದ್ದ ಡಿಸ್ಕು ಬೀರುವಿನಲ್ಲಿತ್ತು.

ಆದ್ದರಿಂದ ಇದು ಕರ್ನೆಲ್‌ನೊಳಗೇ ಆಗಬೇಕಾದ ಕೆಲಸವೆಂದು ನಿಶ್ಚಯಿಸಿ, ಸರ್‌ಡೆವ್ (ಸೀರಿಯಲ್ ಪೋರ್ಟಿಗೆ ಜೋಡಿಸಿದ ಸಾಧನಗಳಿಗಾಗಿ ಕರ್ನೆಲ್‌ನಲ್ಲಿರುವ ಪದರ) ಮೇಲೆ ಕುಳಿತುಕೊಳ್ಳುವ ಸಣ್ಣ ವಾಚ್‌ಡಾಗ್ ಡ್ರೈವರ್ ಬರೆದೆ; ಹೊತ್ತಿಗೆ ಸರಿಯಾಗಿ ಸುದ್ದಿ ಬಾರದಿದ್ದರೆ ಯಂತ್ರವನ್ನು ನಿಲ್ಲಿಸುವ ಇಂಥ ಕಾವಲುಗಾರನನ್ನೇ ವಾಚ್‌ಡಾಗ್ ಎನ್ನುವುದು. ಗಮನಿಸಬೇಕಾದ ಅಂಶವೆಂದರೆ, ನೋಂದಾಯಿಸುವಾಗಲೇ ಹಾರ್ಡ್‌ವೇರ್ ಈಗಾಗಲೇ ಓಡುತ್ತಿದೆ ಎಂಬ ಫ್ಲ್ಯಾಗ್ ಹಾಕಿದರೆ, ಯೂಸರ್‌ಸ್ಪೇಸ್ (ಕರ್ನೆಲ್‌ನ ಹೊರಗಿನ ಪ್ರೋಗ್ರಾಂಗಳು) ಬಾಗಿಲು ತೆರೆಯುವವರೆಗೂ ವಾಚ್‌ಡಾಗ್ ಕೋರ್ ತಾನೇ ಹೊತ್ತಿಗೆ ಸರಿಯಾಗಿ ಪಿಂಗ್ ಮಾಡುತ್ತದೆ. ಎಫ್‌ಎಸ್‌ಸಿಕೆ ಎರಡು ಗಂಟೆ ಹಿಡಿದರೂ ಈಗ ತೊಂದರೆಯಿಲ್ಲ. ಡ್ರೈವರನ್ನು ಆಮೇಲೆ ಲೋಡ್ ಆಗುವ ಮಾಡ್ಯೂಲ್ ಮಾಡದೆ ಕರ್ನೆಲ್‌ನ ಒಳಗೇ ಸೇರಿಸಬೇಕು. ಪವರ್ ಆಫ್ ವಿಚಾರ ಬೇರೆ: ಕೊನೆಯ ಕ್ಷಣದಲ್ಲಿ ಇಂಟರಪ್ಟುಗಳು ನಿಂತಿರುವುದರಿಂದ ಸರ್‌ಡೆವ್ ಮೂಲಕ ಬರೆದದ್ದು ತಂತಿಗೆ ಹೋಗುವುದೇ ಇಲ್ಲ. ಕ್ಯೂನ್ಯಾಪ್ ಡ್ರೈವರಿನಂತೆ ನಾನೂ ಯುಆರ್ಟ್ (ಸೀರಿಯಲ್ ಪೋರ್ಟಿನ ಸರ್ಕ್ಯೂಟ್) ರಿಜಿಸ್ಟರಿಗೆ ನೇರವಾಗಿ ಬರೆದೆ. ಎಲ್ಲ ಸೇರಿ ಇನ್ನೂರು ಸಾಲು ದಾಟಿಲ್ಲ.

ಡಿಸ್ಕಿನ ಪವರ್ ವಿಷಯದಲ್ಲಿ ಕಿವಿಯೇ ನನಗೆ ದಾರಿ ತೋರಿಸಿತು. ಎರಡೂ ಡಿಸ್ಕಿನ ಪವರ್ ಜಿಪಿಐಒ ಮೂಲಕ ಬರುತ್ತದೆ, ಅದನ್ನು ಡಿಟಿಎಸ್‌ನಲ್ಲಿ ಫಿಕ್ಸೆಡ್ ರೆಗ್ಯುಲೇಟರ್ (ಸ್ಥಿರ ವೋಲ್ಟೇಜಿನ ಪವರ್ ಮೂಲ) ಎಂದು ಬರೆದಿದ್ದೆ. ಕರ್ನೆಲ್ ಶುರುವಾದೊಡನೆ ಒಳಗಿನಿಂದ ‘ಕ್ಲಕ್’ ಎಂಬ ಸದ್ದು, ಮರುಕ್ಷಣ ಡಿಸ್ಕು ಮತ್ತೆ ತಿರುಗುವ ಸದ್ದು. ಯು-ಬೂಟ್ ಆನ್ ಮಾಡಿಟ್ಟಿದ್ದ ಪಿನ್ನನ್ನು ಕರ್ನೆಲ್ ಒಮ್ಮೆ ಇಳಿಸಿ ಆಮೇಲೆ ಏರಿಸುತ್ತಿತ್ತು. ಆ ಸದ್ದು ಹೆಡ್ ತುರ್ತಾಗಿ ಮೂಲೆ ಸೇರಿದ್ದು. ‘ಬೂಟ್ ಆನ್’ ಗುಣವನ್ನು ಸೇರಿಸಿದ ಮೇಲೆ ಸದ್ದು ನಿಂತಿತು. ಎರಡೂ ಡಿಸ್ಕು ಒಟ್ಟಿಗೆ ತಿರುಗಲು ಹೊರಟರೆ ಹಳೆಯ ಅಡಾಪ್ಟರ್ ಕುಸಿಯುತ್ತಿದ್ದುದರಿಂದ, ಎರಡನೆಯ ರೆಗ್ಯುಲೇಟರಿಗೆ ಮೊದಲನೆಯದನ್ನೇ ಮೂಲ ಸಪ್ಲೈ ಎಂದು ತೋರಿಸಿ, ಮೊದಲನೆಯದಕ್ಕೆ ಐದು ಸೆಕೆಂಡಿನ ವಿಳಂಬ ಕೊಟ್ಟೆ. ಬೋರ್ಡಿನ ಸರ್ಕ್ಯೂಟಿನ ಪ್ರಕಾರ ಇದು ಶುದ್ಧ ಸುಳ್ಳು, ಮೇನ್‌ಲೈನ್‌ಗೆ ಕಳಿಸಿದರೆ ಬೈಸಿಕೊಳ್ಳುವುದು ಖಂಡಿತ. ಆದರೆ ಕೆಲಸ ಮಾಡುತ್ತದೆ.

ಈಥರ್ನೆಟ್ ಸುಲಭವಾಗಿತ್ತು, ಮ್ಯಾಕ್ ವಿಳಾಸವೊಂದನ್ನು (ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಬಿಟ್ಟು. ಕ್ಲಾಕ್ ನಿಲ್ಲಿಸಿದರೆ ಈ ಚಿಪ್ಪಿನ ಈಥರ್ನೆಟ್ ತನ್ನ ವಿಳಾಸವನ್ನೇ ಮರೆಯುತ್ತದೆ, ಅದಕ್ಕಾಗಿ ಕರ್ನೆಲ್ ಬೂಟಿನ ಆರಂಭದಲ್ಲಿಯೇ ಯು-ಬೂಟ್ ಬರೆದಿಟ್ಟ ವಿಳಾಸವನ್ನು ರಿಜಿಸ್ಟರಿನಿಂದ ಎತ್ತಿಟ್ಟುಕೊಳ್ಳುತ್ತದೆ. ನನ್ನ ಯು-ಬೂಟ್ ಅದನ್ನು ಬರೆಯುತ್ತಿದ್ದುದು ನೆಟ್‌ವರ್ಕಿನಿಂದ ಫೈಲು ತರುವ ಟಿಎಫ್‌ಟಿಪಿ ಬಳಸಿದಾಗ ಮಾತ್ರ. ಡಿಸ್ಕಿನಿಂದ ಬೂಟ್ ಮಾಡಿದಾಗಲೆಲ್ಲ ಹೊಸ ವಿಳಾಸ, ರೂಟರಿನಿಂದ ಹೊಸ ಐಪಿ. ಕೊನೆಗೆ ಡಬ್ಬಿಯ ಹಿಂದಿನ ಸ್ಟಿಕರಿನಲ್ಲಿದ್ದ ವಿಳಾಸವನ್ನೇ ಡಿಟಿಬಿಗೆ ಬರೆದೆ.

ವೇಗಕ್ಕಾಗಿ ಮಾಡಿದ ಪ್ರಯೋಗಗಳಲ್ಲಿ ಹೆಚ್ಚಿನವು ದಂಡವಾದವು. ಜಂಬೋ ಫ್ರೇಮ್ (ದೊಡ್ಡ ಗಾತ್ರದ ಪ್ಯಾಕೆಟ್) ಹಾಕಿದರೆ ವೇಗ ಏರಿಬಿಡುತ್ತದೆ ಎಂದುಕೊಂಡಿದ್ದೆ. ಕರ್ಕ್‌ವುಡ್‌ನಲ್ಲಿ ಕಳಿಸುವ ಪ್ಯಾಕೆಟ್ಟಿನ ಚೆಕ್‌ಸಮ್ಮನ್ನು (ತಪ್ಪು ಹಿಡಿಯಲು ಸೇರಿಸುವ ಮೊತ್ತ) ಹಾರ್ಡ್‌ವೇರ್ ಮಾಡುವುದು 1600 ಬೈಟಿನವರೆಗೆ ಮಾತ್ರ, ಅದರಾಚೆ ಎಲ್ಲವೂ ಸಿಪಿಯು ತಲೆಯ ಮೇಲೆ. ಲಾಭ ಏನೂ ಕಾಣಲಿಲ್ಲ. ಬಿಟಿಆರ್‌ಎಫ್‌ಎಸ್ ಎಂಬ ಫೈಲು ವ್ಯವಸ್ಥೆ ಹಾಕಿ, 256 ಎಂಬಿ ಸಾಲದೆ ಡಿಸ್ಕನ್ನೇ ಮೆಮೊರಿಯಾಗಿ ಬಳಸುವ ಸ್ವ್ಯಾಪ್ ನೋಡುತ್ತ ಕುಳಿತದ್ದೂ ಆಯಿತು, ಇಎಕ್ಸ್‌ಟಿ4ಕ್ಕೆ ಮರಳಿದೆ. ಚಿಪ್ಪಿನೊಳಗಿನ ಎನ್‌ಕ್ರಿಪ್ಶನ್ ಘಟಕವಾದ ಸೀಸಾ ಎಂಜಿನ್ ಬಳಸಿ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದಾಗ ನೆನಪಿರುವಂತೆ ಸೆಕೆಂಡಿಗೆ ಹದಿನೆಂಟು ಇಪ್ಪತ್ತು ಎಂಬಿ ಬಂತು, ಸ್ಟುಡಿಯೊಗೆ ಅದು ಸಾಲದು. ಎನ್‌ಕ್ರಿಪ್ಶನ್ ಇಲ್ಲದೆ, ಎಸ್‌ಎಂಬಿ3ರಲ್ಲಿ, ಓದುವುದು ಐವತ್ತರ ಆಸುಪಾಸು, ಬರೆಯುವುದು ಮೂವತ್ತೈದು. ಮೂಲ ಫರ್ಮ್‌ವೇರ್‌ಗಿಂತ ಓದುವುದರಲ್ಲಿ ತುಸು ಮೇಲು, ಬರೆಯುವುದರಲ್ಲಿ ಸರಿಸಮ. ಲಿನಕ್ಸ್‌ನಲ್ಲಿ ಎಸ್‌ಎಂಬಿ ಸೇವೆ ಕೊಡುವ ಸಾಂಬಾದ ಎರಡು ಸಾಲುಗಳನ್ನು ತಿದ್ದಿ ಮೂವತ್ತೈದನ್ನು ನಲವತ್ತೆರಡಕ್ಕೆ ತಂದಿದ್ದೇನೆ, ಆ ಎರಡು ಸಾಲು ನನ್ನ ಬಳಿಯೇ ಇರಲಿ.

ಖರ್ಚಿನ ಲೆಕ್ಕ: ಸುಟ್ಟದ್ದರ ಬದಲಿಗೆ ಕೊಂಡ ಪೆಟ್ಟಿಗೆ, ಅಡಾಪ್ಟರುಗಳು, ಬೆಸುಗೆಯ ಸಾಮಾನು, ಬೆಂಗಳೂರು–ಹಾಸನ ಓಡಾಟ ಎಲ್ಲ ಸೇರಿ ನಾಲ್ಕೂವರೆ ಸಾವಿರದ ಒಳಗೆ. ನನ್ನ ಭಾನುವಾರಗಳಿಗೆ ದರ ಕಟ್ಟಿಲ್ಲ. ಪೈ ಹಾಕು ಎಂದವರಲ್ಲಿ ಇಬ್ಬರು ಈಗ ತಮ್ಮ ಅಟ್ಟದ ಮೇಲಿದ್ದ ಪೆಟ್ಟಿಗೆಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾರೆ.

ಪೆಟ್ಟಿಗೆಯನ್ನು ಸ್ಟುಡಿಯೊದಲ್ಲಿ ಕೂರಿಸಿ, ಆಲ್ಬಮ್‌ಗಳೆಲ್ಲ ಹೊಸ ಕಂಪ್ಯೂಟರಿನಲ್ಲಿ ತೆರೆದುಕೊಂಡದ್ದನ್ನು ತೋರಿಸಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ನೋಡಿ, “ಎಲ್ಲ ಸರಿ ಕಣೋ, ಆದ್ರೆ ಮೊದ್ಲು ಆನ್ ಆದಾಗ ಕುಂಯ್ ಅಂತಿತ್ತಲ್ಲ, ಈಗ ಯಾಕೆ ಅನ್ನಲ್ಲ? ಶುರುವಾಯ್ತೋ ಇಲ್ವೋ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?” ಎಂದರು. ಬಜರ್ ಇರುವುದೂ ಅದೇ ಮೈಕ್ರೊಕಂಟ್ರೋಲರಿನ ಕೈಯಲ್ಲಿ. ಬೆಂಗಳೂರಿಗೆ ಮರಳಿ ಹಳೆಯ ದಾಖಲೆಯ ಸಾಲುಗಳನ್ನು ಮತ್ತೆ ತಿರುವಿದಾಗ, ಮೂಲ ಫರ್ಮ್‌ವೇರ್ ಬೂಟ್ ಮುಗಿಸಿದ ಹೊತ್ತಿಗೆ ಒಂದೇ ಒಂದು ಸಲ ಹೋಗುವ ಪೊಟ್ಟಣವೊಂದು ಸಿಕ್ಕಿತು. ಡ್ರೈವರಿಗೆ ಆರು ಸಾಲು ಸೇರಿಸಿ, ಮುಂದಿನ ಭಾನುವಾರ ಹಾಸನಕ್ಕೆ ಹೋಗಿ ಹಾಕಿ ಬಂದೆ.