ಸರಿಯಾದವರ ಮೇಲ್ ಅನ್ನೇ ತಿರುಗಿಸುತ್ತಿದ್ದ ಸರ್ವರ್: ನನ್ನ ಅನುಭವ

ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಒಂದು ಚಿಕ್ಕ ಟ್ರಸ್ಟ್‌ನ ಮೇಲ್ ಸರ್ವರ್ ಅನ್ನು ನಾನು ನೋಡಿಕೊಳ್ಳುತ್ತೇನೆ. ಲಿನಕ್ಸ್‌ನ ಒಂದು ರೂಪವಾದ ಉಬುಂಟು, ಅದರ ಮೇಲೆ ಮೇಲ್ ಕಳಿಸುವ, ಸ್ವೀಕರಿಸುವ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶ. ಸರ್ವರ್ ಹೊಸ ಹೋಸ್ಟಿಂಗ್‌ಗೆ ಹೋದ ಮೇಲೆ ಕಚೇರಿಗೆ ಫೋನ್ ಬರಲು ಶುರುವಾಯಿತು. "ಸರ್, ಅರ್ಜಿ ಕಳಿಸಿದ್ರೆ ವಾಪಸ್ ಬರ್ತಿದೆ. ನಮ್ಮನ್ನ ಬ್ಲಾಕ್ ಮಾಡಿದ್ದೀರಾ?" ಅರ್ಜಿಗೆ ಕೊನೆಯ ದಿನಾಂಕ ಹತ್ತಿರವಿತ್ತು. ವಿಚಿತ್ರ ಅಂದರೆ, ಬೆಳಿಗ್ಗೆ ವಾಪಸ್ ಹೋದ ಅದೇ ಮೇಲ್ ಸಂಜೆ ಕಳಿಸಿದರೆ ಸಲೀಸಾಗಿ ಬರುತ್ತಿತ್ತು.

ಕಾರಣ ಹುಡುಕುವ ಮೊದಲು ನಷ್ಟ ನಿಲ್ಲಿಸಬೇಕು. ಪೋಸ್ಟ್‌ಫಿಕ್ಸ್‌ನಲ್ಲಿ 'ಸಾಫ್ಟ್ ಬೌನ್ಸ್' ಎಂಬ ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿದರೆ 5ರಿಂದ ಶುರುವಾಗುವ ಸಂಖ್ಯೆಯ ಕಾಯಂ ನಿರಾಕರಣೆಗಳು 4ರಿಂದ ಶುರುವಾಗುವ ತಾತ್ಕಾಲಿಕ ನಿರಾಕರಣೆಗಳಾಗುತ್ತವೆ. ಆಗ ಕಳಿಸುವ ಸರ್ವರ್ ಮೇಲ್ ಅನ್ನು ತನ್ನ ಸಾಲಿನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಮೇಲ್ ಸಾಗಣೆಯ ನಿಯಮಗಳಿರುವ ಆರ್‌ಎಫ್‌ಸಿ 5321 ಎಂಬ ದಾಖಲೆಯ ಪ್ರಕಾರ ಸಾಮಾನ್ಯವಾಗಿ ಕನಿಷ್ಠ 4-5 ದಿನ ಹೀಗೆ ಪ್ರಯತ್ನಿಸಬೇಕು. ಅಂದರೆ ನನಗೆ ಅಷ್ಟು ಸಮಯ ಸಿಕ್ಕಿತು, ಮಕ್ಕಳ ಅರ್ಜಿಗಳೂ ಉಳಿದವು. ದೂರು ಬಂದ ಕೂಡಲೇ ಎಲ್ಲರೂ ಇದನ್ನೇ ಮೊದಲು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ಲಾಗ್, ಅಂದರೆ ಸರ್ವರ್ ತನ್ನ ಕೆಲಸವನ್ನೆಲ್ಲ ಬರೆದಿಡುವ ಫೈಲು, ತೆರೆದೆ. ತಿರುಗಿಸಿದ ಬಹುತೇಕ ಮೇಲ್‌ಗಳಿಗೆ ಒಂದೇ ಕಾರಣ: ಕಳಿಸಿದವರ ಐಪಿ ವಿಳಾಸ (ಅವರ ಸರ್ವರಿನ ಇಂಟರ್ನೆಟ್ ಸಂಖ್ಯೆ), ಸ್ಪ್ಯಾಮ್ ಕಳಿಸುವವರ ಪಟ್ಟಿ ಇಡುವ ಸ್ಪ್ಯಾಮ್‌ಹೌಸ್ ಸಂಸ್ಥೆಯ 'ಝೆನ್' ಪಟ್ಟಿಯಲ್ಲಿದೆ. ಇಲ್ಲೇ ಜಾಸ್ತಿ ಜನ ದಾರಿ ತಪ್ಪುವುದು. ಕಳಿಸಿದವರು ತಮ್ಮ ಸರ್ವರ್ ಹಾಳಾಗಿದೆ ಅಂದುಕೊಳ್ಳುತ್ತಾರೆ. ನಾವು ಅವರ ವಿಳಾಸವನ್ನು ಬಿಳಿಪಟ್ಟಿಗೆ (ತಡೆಯದೆ ಒಳಗೆ ಬಿಡುವವರ ಪಟ್ಟಿಗೆ) ಸೇರಿಸಿ ಸುಮ್ಮನಾಗುತ್ತೇವೆ. ಆದರೆ ಆ ಐಪಿಗಳನ್ನು ಪಟ್ಟಿಯ ವೆಬ್‌ಸೈಟಿನಲ್ಲೇ ಹುಡುಕಿದರೆ ಒಂದೂ ಇರಲಿಲ್ಲ. ಲಾಗ್ ಸಾಲನ್ನು ಕೊನೆಯವರೆಗೂ ಓದಿದಾಗ ಬಾಲದಲ್ಲಿ ಇನ್ನೊಂದು ಮಾತಿತ್ತು: ಎರರ್, ಓಪನ್ ರಿಸಾಲ್ವರ್.

ಈ ಪಟ್ಟಿಗಳು ಕೆಲಸ ಮಾಡುವುದು ಡಿಎನ್‌ಎಸ್ ಮೂಲಕ, ಅಂದರೆ ಇಂಟರ್ನೆಟ್‌ನಲ್ಲಿ ಹೆಸರಿಗೆ ವಿಳಾಸ ಹುಡುಕುವ ವ್ಯವಸ್ಥೆಯ ಮೂಲಕ. ಅದರಲ್ಲಿ ನಮ್ಮ ಪರವಾಗಿ ಉತ್ತರ ಹುಡುಕಿಕೊಡುವ ಸರ್ವರೇ ರಿಸಾಲ್ವರ್. ಯಾರು ಬೇಕಾದರೂ ಬಳಸಬಹುದಾದದ್ದು ಓಪನ್ ಅಥವಾ ಸಾರ್ವಜನಿಕ ರಿಸಾಲ್ವರ್. ಐಪಿ ವಿಳಾಸದ ನಾಲ್ಕು ಸಂಖ್ಯೆಗಳ ಕ್ರಮವನ್ನು ತಿರುವಿ, ಪಟ್ಟಿಯ ಹೆಸರು ಸೇರಿಸಿ ಕೇಳಿದರೆ, ಪಟ್ಟಿಯಲ್ಲಿದ್ದವರಿಗೆ 127.0.0.2ರಂಥ ಉತ್ತರ ಬರುತ್ತದೆ. ಇಲ್ಲದಿದ್ದರೆ ಉತ್ತರವೇ ಇಲ್ಲ. ಸಾರ್ವಜನಿಕ ರಿಸಾಲ್ವರ್ ಮೂಲಕ ಕೇಳಿದವರಿಗೆ ಮಾತ್ರ ಸ್ಪ್ಯಾಮ್‌ಹೌಸ್ 127.255.255.254 ಅಂತ ಕೊಡುತ್ತದೆ. "ಈ ದಾರಿಯಿಂದ ಕೇಳಬೇಡಿ" ಅಂತ ಅದರ ಅರ್ಥ. ಆದರೆ ಪೋಸ್ಟ್‌ಫಿಕ್ಸ್‌ಗೆ ಬಿಡಿಸಿ ಹೇಳದಿದ್ದರೆ, ಯಾವ ಉತ್ತರ ಬಂದರೂ ಅದಕ್ಕೆ 'ಪಟ್ಟಿಯಲ್ಲಿದ್ದಾನೆ' ಅಂತಲೇ ಲೆಕ್ಕ.

ಹಾಗಾದರೆ ಸಂಜೆ ಯಾಕೆ ಬರುತ್ತಿತ್ತು? ಹೊಸ ಸರ್ವರಿನ ರಿಸಾಲ್ವರ್ ಫೈಲಿನಲ್ಲಿ ಎರಡು ವಿಳಾಸಗಳಿದ್ದವು. ಮೊದಲನೆಯದು ಹೋಸ್ಟಿಂಗ್‌ನವರದು, ಎರಡನೆಯದು ಸಾರ್ವಜನಿಕ ರಿಸಾಲ್ವರ್. ಮೊದಲನೆಯದು 5 ಸೆಕೆಂಡಿನಲ್ಲಿ ಉತ್ತರಿಸದಿದ್ದರೆ ಲಿನಕ್ಸ್ ಎರಡನೆಯದನ್ನು ಕೇಳುತ್ತದೆ. ಮೊದಲನೆಯದು ನಿಧಾನವಾದ ಹೊತ್ತಿನಲ್ಲಿ ಬಂದವರೆಲ್ಲ ಸ್ಪ್ಯಾಮರ್‌ಗಳಾದರು, ಉಳಿದ ಹೊತ್ತಿನಲ್ಲಿ ಬಂದವರು ಬಚಾವಾದರು. ಡಿಎನ್‌ಎಸ್ ಪ್ರಶ್ನೆ ಕೇಳುವ 'ಡಿಗ್' ಕಮಾಂಡಿನಿಂದ, ಪರೀಕ್ಷೆಗೆಂದೇ ಪಟ್ಟಿಯಲ್ಲಿ ಇಟ್ಟಿರುವ 127.0.0.2 ಎಂಬ ಪರೀಕ್ಷಾ ವಿಳಾಸವನ್ನು ಎರಡೂ ರಿಸಾಲ್ವರ್‌ಗಳಿಗೆ ಬೇರೆ ಬೇರೆಯಾಗಿ ಕೇಳಿದೆ. ವ್ಯತ್ಯಾಸ ಕಣ್ಣಿಗೇ ಕಂಡಿತು.

ಸರ್ವರ್‌ನಲ್ಲೇ ಅನ್‌ಬೌಂಡ್ ಎಂಬ ರಿಸಾಲ್ವರ್ ತಂತ್ರಾಂಶ ಹಾಕಿದೆ. ಅದು ಬೇರೆ ಯಾರಿಗೂ ಪ್ರಶ್ನೆ ದಾಟಿಸದೆ ನೇರವಾಗಿ ತಾನೇ ಹುಡುಕುವಂತೆ ಇಟ್ಟು, ರಿಸಾಲ್ವರ್ ಫೈಲಿನಲ್ಲಿ 127.0.0.1 (ಅಂದರೆ ಇದೇ ಸರ್ವರ್) ಒಂದನ್ನೇ ಉಳಿಸಿದೆ. ಇಲ್ಲೊಂದು ಗಮನಿಸಬೇಕಾದ ವಿಷಯ: ಡೆಬಿಯನ್ (ಲಿನಕ್ಸ್‌ನ ಇನ್ನೊಂದು ರೂಪ), ಉಬುಂಟುಗಳಲ್ಲಿ ಪೋಸ್ಟ್‌ಫಿಕ್ಸ್ ಈ ಫೈಲಿನ ತನ್ನದೇ ಪ್ರತಿಯನ್ನು ತನ್ನ ಸ್ಪೂಲ್ (ಮೇಲ್‌ಗಳ ಸಾಲು ಇಡುವ) ಫೋಲ್ಡರಿನಲ್ಲಿ ಇಟ್ಟುಕೊಂಡಿರಬಹುದು. ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿದ ಮೇಲೆ ಆ ಪ್ರತಿಯೂ ಬದಲಾಗಿದೆಯೇ ಅಂತ ತೆರೆದು ನೋಡಿ. ಜೊತೆಗೆ 127.0.0.2ರಿಂದ 127.0.0.11ರವರೆಗಿನ ಉತ್ತರ ಬಂದರೆ ಮಾತ್ರ ತಿರುಗಿಸು ಅಂತ ನಿಯಮ ಬರೆದೆ. ಸೋರ್ಬ್ಸ್ ಎಂಬ ಇನ್ನೊಂದು ಹಳೆಯ ಸ್ಪ್ಯಾಮ್ ಪಟ್ಟಿಯ ಸಾಲನ್ನು ತೆಗೆದೆ, ಅದು 2024ರ ಜೂನ್‌ನಲ್ಲೇ ಮುಚ್ಚಿದೆ.

ಆದರೂ ಕೆಲವು ಶಾಲೆಗಳ ಮೇಲ್ ಬರಲಿಲ್ಲ. ಅವುಗಳ ಕಾರಣ ಬೇರೆ: 450 ಸಂಖ್ಯೆ, ನಿಮ್ಮ ಹೋಸ್ಟ್ ಹೆಸರು ಸಿಗುತ್ತಿಲ್ಲ. ಐಪಿಯಿಂದ ಹೆಸರು, ಹೆಸರಿನಿಂದ ಮತ್ತೆ ಅದೇ ಐಪಿ ಸಿಗಲೇಬೇಕು ಅನ್ನುವ ಬಿಗಿ ನಿಯಮ ನಮ್ಮಲ್ಲಿತ್ತು. ಶಾಲೆಯ ಮೂಲೆಯಲ್ಲಿ ಕೂತ ಸರ್ವರ್‌ಗೆ ಇದನ್ನೆಲ್ಲ ಯಾರು ಸರಿ ಮಾಡಿಕೊಡುತ್ತಾರೆ, ಅಲ್ವಾ? ಐಪಿಗೆ ಒಂದು ಹೆಸರಿದ್ದರೆ ಸಾಕು ಅನ್ನುವ ಸಡಿಲ ನಿಯಮ ಹಾಕಿದೆ. ಬಿಗಿ ನಿಯಮದ ಮುಂದೆ 'ವಾರ್ನ್ ಇಫ್ ರಿಜೆಕ್ಟ್' ಸೇರಿಸಿದೆ. ಈಗ ಅದು ಯಾರನ್ನೂ ತಡೆಯುವುದಿಲ್ಲ, ಲಾಗ್‌ನಲ್ಲಿ ಬರೆದಿಡುತ್ತದೆ ಅಷ್ಟೇ.

ಎಲ್ಲ ಸರಿಯಾದ ಮೇಲೆ ಸಾಫ್ಟ್ ಬೌನ್ಸ್ ತೆಗೆದೆ, ಇಲ್ಲದಿದ್ದರೆ ಇಲ್ಲದ ವಿಳಾಸಕ್ಕೆ ಕಳಿಸಿದವರೂ ದಿನಗಟ್ಟಲೆ ಕಾಯುತ್ತಾರೆ. ಪರೀಕ್ಷಾ ವಿಳಾಸವನ್ನು ಗಂಟೆಗೊಮ್ಮೆ ಕೇಳಿ, 127.255 ಅಂತ ಉತ್ತರ ಬಂದರೆ ನನ್ನ ಫೋನಿಗೆ ತಿಳಿಸುವ ಒಂದು ಸಣ್ಣ ಸ್ಕ್ರಿಪ್ಟ್ ಕೂಡ ಓಡುತ್ತಿದೆ.

ಸಾಫ್ಟ್ ಬೌನ್ಸ್‌ಗೂ ಮೊದಲೇ ವಾಪಸ್ ಹೋದ ಅರ್ಜಿಗಳು ಮಾತ್ರ ನಮ್ಮ ಹತ್ತಿರ ಇರಲಿಲ್ಲ. ಮೇಲ್‌ನ ಒಳಗಿನ ವಿಷಯ ಬರುವ ಮೊದಲೇ ಸರ್ವರ್ ಬಾಗಿಲು ಹಾಕಿಬಿಟ್ಟಿತ್ತು. ಆದರೆ ಯಾರಿಂದ, ಯಾರಿಗೆ ಅನ್ನುವುದು ಲಾಗ್‌ನಲ್ಲಿ ಇರುತ್ತದೆ. ಹಳೆಯ ಲಾಗ್‌ಗಳು ಅಳಿಸಿಹೋಗುವ ಮೊದಲೇ ಆ ವಿಳಾಸಗಳನ್ನೆಲ್ಲ ತೆಗೆದು, ಸ್ಪ್ಯಾಮ್ ಎನಿಸಿದ್ದನ್ನು ಬಿಟ್ಟು ಕಚೇರಿಗೆ ಕೊಟ್ಟೆ. ಅವರು ಒಬ್ಬೊಬ್ಬರಿಗೂ ಬರೆದು ಅರ್ಜಿಯನ್ನು ಮತ್ತೆ ತರಿಸಿಕೊಂಡರು. ಕೊನೆಯ ದಿನಾಂಕ ದಾಟಿ ಬಂದವುಗಳನ್ನೂ ತೆಗೆದುಕೊಂಡರು.