ತೇವದ ಗೋಡೆಯನ್ನೇ ಮೊದಲು ತೋರಿಸಿ ಮನೆ ಮಾರಿದೆ

ಕೊನೆಗೂ ಆ ಟೌನ್‌ಹೌಸ್ ಮಾರಾಟವಾಯಿತು. ಕೇಳಿದ ಬೆಲೆಗಿಂತ ಶೇ. 3ರಷ್ಟು ಕಡಿಮೆಗೆ, ಅಷ್ಟೇ. ನನಗಿಂತ ಮೊದಲು ಇಬ್ಬರು ಬ್ರೋಕರ್‌ಗಳು ಕೈಚೆಲ್ಲಿದ್ದ ಮನೆ ಅದು. ನನ್ನ ಉಪಾಯ ಕೇಳಿ ಅವರಲ್ಲೊಬ್ಬರು ‘ನಿಮಗೇನು ತಲೆ ಕೆಟ್ಟಿದೆಯಾ’ ಅಂದಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಳೇ ಬೀದಿ, ಒಂದಕ್ಕೊಂದು ಅಂಟಿಕೊಂಡ ಮನೆಗಳು. ಇದಕ್ಕೆ ನಾಲ್ಕು ಮಹಡಿ, ಅಗಲ ಸುಮಾರು 6 ಮೀಟರ್. ಮೇಲೆ ಎಲ್ಲವೂ ಚೆಂದ: ಎತ್ತರದ ಕಿಟಕಿ, ಮರದ ಕೆತ್ತನೆ, ಮೆಟ್ಟಿಲಿನ ನೆತ್ತಿಗೆ ಗಾಜಿನ ಮಾಡು. ತೊಂದರೆ ಇದ್ದದ್ದು ನೆಲಮಹಡಿಯ ಹಿಂದಿನ ಗೋಡೆಯಲ್ಲಿ. ಸೊಂಟದೆತ್ತರಕ್ಕೆ ತೇವ, ಅದರ ಮೇಲೆ ಬಿಳಿ ಉಪ್ಪು.

ಮೊದಲಿನವರು ಏನೇನು ಮಾಡಿದ್ದರು ಅಂತೀರಿ? ವಾಟರ್‌ಪ್ರೂಫ್ ಪೇಂಟ್ ಬಳಿಸಿದ್ದರು. ಗೋಡೆಗೆ ರಂಧ್ರ ಕೊರೆದು ಕೆಮಿಕಲ್ ತುಂಬಿಸಿದ್ದರು. ಆಮೇಲೆ ಮರದ ಹಲಗೆ ಹೊಡೆದು ಮುಚ್ಚಿದ್ದರು. ಬೆಲೆಯನ್ನೂ ಎರಡು ಸಲ ಇಳಿಸಿದ್ದರು, ಒಟ್ಟು ಶೇ. 12ರ ಆಸುಪಾಸು. ಕೊಳ್ಳಲು ಬಂದವರ ಇಂಜಿನಿಯರ್ ಪಿನ್ ಮೀಟರ್ (ಎರಡು ಮೊಳೆ ಚುಚ್ಚಿ ತೇವ ನೋಡುವ ಸಾಧನ) ಚುಚ್ಚಿದ ಕೂಡಲೇ ಕೆಂಪು ದೀಪ. ಮಾತುಕತೆ ಅಲ್ಲಿಗೇ ಮುಗಿಯುತ್ತಿತ್ತು. ಆ ಮೀಟರ್ ಮರಕ್ಕೆ ಅಂತ ಮಾಡಿದ್ದು, ಉಪ್ಪು ಹಿಡಿದ ಗೋಡೆಯಲ್ಲಿ ಅದು ಜಾಸ್ತಿಯೇ ತೋರಿಸುತ್ತದೆ. ಇದು ನಮ್ಮ ಕಸುಬಿನವರಿಗೆ ಗೊತ್ತು. ಆದರೆ ಹೆದರಿದವರಿಗೆ ಅದನ್ನು ಹೇಳಿ ಪ್ರಯೋಜನವಿಲ್ಲ.

ದುಡ್ಡಿನ ಲೆಕ್ಕವೇ ನನ್ನ ಕಣ್ಣು ತೆರೆಸಿದ್ದು. ತೇವದ ಹೆಸರಿನಲ್ಲಿ ಬಂದವರೆಲ್ಲ ಶೇ. 10, ಶೇ. 15 ಕಡಿಮೆ ಕೇಳುತ್ತಿದ್ದರು. ನಾನು ಹಳೇ ಮೇಸ್ತ್ರಿಯನ್ನು ಕರೆಸಿ ಅಂದಾಜು ಹಾಕಿಸಿದರೆ ಇಡೀ ರಿಪೇರಿಗೆ ಮನೆ ಬೆಲೆಯ ಶೇ. 1.5 ಕೂಡ ಬೇಡ! ಉಳಿದದ್ದೆಲ್ಲ ಭಯದ ಬೆಲೆ. ಭಯ ಹುಟ್ಟಿಸುತ್ತಿದ್ದದ್ದು ತೇವಕ್ಕಿಂತ ಹೆಚ್ಚಾಗಿ ಆ ಹಲಗೆ.

ಹಲಗೆ ಕಿತ್ತೆವು. ಒಳಗೆ ಸಿಮೆಂಟ್ ಪ್ಲಾಸ್ಟರ್, ಗೋಡೆಯ ತೇವ ಹೊರಗೆ ಹೋಗದಂತೆ ಅದು ತಡೆಯುತ್ತಿತ್ತು. ಹೊರಗೆ ಮಳೆನೀರಿನ ಪೈಪಿನ ಕೀಲು ಸೋರುತ್ತಿತ್ತು. ಹಿತ್ತಲಿನ ಕಲ್ಲುಹಾಸು ವರ್ಷವರ್ಷ ಏರಿ ಒಳಗಿನ ನೆಲಕ್ಕಿಂತ ಮೇಲೆ ಬಂದಿತ್ತು. ಪೈಪ್ ಬದಲಿಸಿ, ಕಲ್ಲುಹಾಸನ್ನು ಒಳನೆಲಕ್ಕಿಂತ ಒಂದು ಗೇಣು ಕೆಳಗಿಳಿಸಿ, ಸಿಮೆಂಟನ್ನೆಲ್ಲ ಉದುರಿಸಿದೆವು. ಸಿಮೆಂಟ್ ಅಲ್ಲಿಗೆ ಆಮೇಲೆ ಬಂದದ್ದು ಎಂದು ಮಾಲೀಕರನ್ನು ಒಪ್ಪಿಸುವುದು ಸುಲಭವಾಯಿತು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ, ಮನೆ ಅದಕ್ಕಿಂತ ಹಳೆಯದು.

ಈಗ ನಿಜವಾದ ತಲೆನೋವು. ಗೋಡೆಯ ದಪ್ಪ ಸುಮಾರು 45 ಸೆಂಟಿಮೀಟರ್. ತಿಂಗಳಿಗೆ ಒಂದು ಇಂಚು ಒಣಗುತ್ತದೆ ಅನ್ನುವ ಹಳೇ ಲೆಕ್ಕ ಹಿಡಿದರೆ ಒಂದೂವರೆ ವರ್ಷ. ಮಾಲೀಕರು ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಒಣಗುತ್ತಿರುವಾಗಲೇ, ಇಟ್ಟಿಗೆ ಕಾಣುವ ಹಾಗೇ ಮಾರಲು ಹೊರಟೆ. ತಲೆ ಕೆಟ್ಟಿದೆಯಾ ಅಂದದ್ದು ಇದಕ್ಕೇ.

ಗೋಡೆಯ ಪಕ್ಕ ಒಂದು ಫೈಲ್ ಇಟ್ಟೆ. ಪೈಪಿನ ಫೋಟೋ, ಬಿಲ್ಲು, ಉಳಿದ ಕೆಲಸದ ಕೊಟೇಶನ್, ತಾರೀಖು ಹಾಕಿದ ತೇವದ ಅಳತೆ. ಅಳತೆಗೆ ಪಿನ್ ಮೀಟರ್ ಅಲ್ಲ, ಕಾರ್ಬೈಡ್ ಮೀಟರ್: ಗೋಡೆ ಕೊರೆದು ತೆಗೆದ ಪುಡಿಯನ್ನು ಕಾರ್ಬೈಡ್ ಜೊತೆ ಬೆರೆಸಿ, ಹುಟ್ಟುವ ಅನಿಲದ ಒತ್ತಡದಿಂದ ತೇವ ಅಳೆಯುವ ಸಾಧನ. ಡ್ರಿಲ್ಲನ್ನು ನಿಧಾನ ಓಡಿಸಬೇಕು, ಇಲ್ಲದಿದ್ದರೆ ಬಿಸಿಗೆ ಪುಡಿಯೇ ಒಣಗಿ ಸುಳ್ಳು ಲೆಕ್ಕ ಬರುತ್ತದೆ. ಶುರುವಿನಲ್ಲಿ ಶೇ. 9ರ ಹತ್ತಿರ ಇದ್ದದ್ದು ಕೆಲವು ತಿಂಗಳಲ್ಲಿ ಶೇ. 6ಕ್ಕೆ ಬಂತು. ಎಲ್ಲೆಲ್ಲಿ ಕೊರೆಯಬೇಕು ಅನ್ನುವುದು ಮಾತ್ರ ನನ್ನ ಹೊಟ್ಟೆಪಾಡು, ಅದನ್ನು ಬರೆಯುವುದಿಲ್ಲ.

ಬಂದವರನ್ನು ನೇರ ಆ ಗೋಡೆಗೇ ಕರೆದುಕೊಂಡು ಹೋಗುತ್ತಿದ್ದೆ. ಎಲ್ಲರೂ ಮೊದಲು ಹಾಲ್ ತೋರಿಸುತ್ತಾರೆ ಅಲ್ವಾ? ಹಾಗೆ ಮಾಡಿದರೆ ಕೊನೆಗೆ ತಲೆಯಲ್ಲಿ ಉಳಿಯುವುದು ತೇವ. ಕೆಟ್ಟದ್ದು ಮೊದಲೇ ಮುಗಿದರೆ ಮೇಲೆ ಹತ್ತುತ್ತಾ ಹತ್ತುತ್ತಾ ಮುಖ ಅರಳುತ್ತದೆ. ಗಾಜಿನ ಮಾಡನ್ನು ಉಜ್ಜಿಸಿದ್ದೆ, ನಡುಮನೆಗೂ ಬೆಳಕು ಇಳಿಯುತ್ತಿತ್ತು. ಅದಕ್ಕೆ ತಗುಲಿದ್ದು ಚಿಲ್ಲರೆ ಕಾಸು, ಆದರೆ ಫೋಟೋಗ್ರಾಫರಿಗೆ ಕೊಟ್ಟದ್ದಕ್ಕಿಂತ ಅದೇ ಹೆಚ್ಚು ಕೆಲಸ ಮಾಡಿತು.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಗೋಡೆಯ ಮೂಲೆಯಲ್ಲಿ ಸುಣ್ಣದ ಗಾರೆ ಹಾಕಿಸಿ ಮೂರು ಪಟ್ಟಿ ಬಳಿಸಿದೆ: ಸುಣ್ಣ, ತೇವ ಆರಲು ಬಿಡುವ ಸಿಲಿಕೇಟ್ ಪೇಂಟ್, ಮಾಮೂಲಿ ಅಕ್ರಿಲಿಕ್ ಪೇಂಟ್. ಅಕ್ರಿಲಿಕ್ ಕೆಲವೇ ವಾರಗಳಲ್ಲಿ ಬೊಬ್ಬೆ ಎದ್ದು ಸುಲಿಯಿತು. ಉಳಿದೆರಡು ಗಟ್ಟಿಯಾಗಿ ನಿಂತವು. ಸುಲಿದ ಪಟ್ಟಿಯನ್ನು ಬೇಕೆಂದೇ ಹಾಗೇ ಬಿಟ್ಟೆ. ಈ ಗೋಡೆಯ ತೇವವನ್ನು ಒಳಗೇ ಮುಚ್ಚಿಡಬಾರದು ಎಂದು ಗಂಟೆಗಟ್ಟಲೆ ವಿವರಿಸುವುದನ್ನು ಅದು ಒಂದೇ ನೋಟಕ್ಕೆ ಹೇಳುತ್ತಿತ್ತು. ಹಳೇ ಕಿಟಕಿಗಳಿಗೆ ಡಬಲ್ ಗ್ಲಾಸ್ ಹಾಕಿಸುವ ಯೋಚನೆಯೂ ಇತ್ತು. ಪಾರಂಪರಿಕ ಬೀದಿಯ ಪರವಾನಗಿ ಓಡಾಟ ನೆನಪಾಗಿ ಕೈಬಿಟ್ಟು, ಅಗಸೆ ಎಣ್ಣೆಯ ಪುಟ್ಟಿ ಮೆತ್ತಿಸಿ ಸಾಕು ಮಾಡಿದೆ.

ಮಾಡು ಸೋರುವ ಮನೆಗೆ, ಅಡಿಪಾಯ ಕುಸಿಯುವ ಮನೆಗೆ ಇದು ನಡೆಯಲ್ಲ. ತೇವದ ಕಾರಣ ಪತ್ತೆಯಾಗಿ, ಅದು ನಿಂತಿರಬೇಕು.

ಕೊಂಡವರ ಇಂಜಿನಿಯರ್ ಫೈಲ್ ಓದಿ, ತಾನೇ ಒಂದು ಕಡೆ ಕೊರೆದು ನೋಡಿದರು. ನಮ್ಮ ಲೆಕ್ಕಕ್ಕೆ ಹೊಂದಿತು. ಆದರೂ ಅವರ ಕಡೆಯವರು ಬೆಲೆಯ ಶೇ. 1ರಷ್ಟನ್ನು ವಕೀಲರ ಹತ್ತಿರ ಇಡಬೇಕು ಅಂದರು. ಗೋಡೆ ಶೇ. 4ಕ್ಕಿಂತ ಕೆಳಗೆ ಬಂದ ಮೇಲೆ ಅದು ಮಾಲೀಕರಿಗೆ. ಶೇ. 12 ಇಳಿಸಿಯೂ ಮಾರಲಾಗದೆ ಕೂತಿದ್ದ ಮಾಲೀಕರು ಎರಡು ಮಾತಾಡದೆ ಒಪ್ಪಿದರು. ಆ ಹಣ ಇನ್ನೂ ವಕೀಲರ ಹತ್ತಿರವೇ ಇದೆ, ಮುಂದಿನ ಅಳತೆ ಮಳೆ ನಿಂತ ಮೇಲೆ.